ಫೋನ್‌ಗೂ ‘ಇಮ್ಯುನಿಟಿ’ ಇದೆಯೇ? ದೇಹದಿಂದ ಸೈಬರ್ ಭದ್ರತೆಯ ಪಾಠ ಕಲಿತ ವಿಜ್ಞಾನಿಯ ಕಥೆ

ಮಾರ್ಟಿನೆಲ್ಲಿ ಎಂಬ ಹೆಸರಿನ ವಿಡಿಯೊವೊಂದು ನಾಳೆ ವಾಟ್ಸ್‌ಆ್ಯಪ್‌ಗೆ ಬರುತ್ತದಂತೆ. ತೆರೆದರೆ ಫೋನ್ ಹ್ಯಾಕ್ ಆಗುತ್ತದಂತೆ. ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲವಂತೆ. ಆದ್ದರಿಂದ ಗೊತ್ತಿರುವ ಎಲ್ಲರಿಗೂ ಈಗಲೇ ತಿಳಿಸಬೇಕಂತೆ.

ಈ ‘ಅಂತೆ’ಗಳ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಂದಲ್ಲ ಒಂದು ಸಲ ಬಂದಿರಬಹುದು. ಹಲವು ಭಾಷೆಗಳಲ್ಲಿ, ಹಲವು ವರ್ಷಗಳಿಂದ ಇದು ಓಡಾಡುತ್ತಲೇ ಇದೆ. ಆದರೆ ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ಹಾಗೆ, ಮಾರ್ಟಿನೆಲ್ಲಿಯ ಆ ‘ನಾಳೆ’ ಇನ್ನೂ ಬಂದಿಲ್ಲ. ಇಂತಹ ಮೆಸೇಜ್ ವಾಟ್ಸ್‌ಆ್ಯಪ್ ಕಾಲದ್ದೂ ಅಲ್ಲ. 1994ರಲ್ಲೇ ‘ಗುಡ್ ಟೈಮ್ಸ್’ ಎಂಬ ಶೀರ್ಷಿಕೆಯ ಇಮೇಲ್ ತೆರೆದರೆ ಕಂಪ್ಯೂಟರಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಜಗತ್ತನ್ನೇ ಸುತ್ತಿತ್ತು. ಅಂಥ ವೈರಸ್ ಇರಲೇ ಇಲ್ಲ. ಹರಡಿದ್ದು ಎಚ್ಚರಿಕೆ ಮಾತ್ರ.

ಅದೇ 1994ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕಿ ಬೇರೆಯದೇ ಪ್ರಶ್ನೆ ಕೇಳುತ್ತಿದ್ದರು. ನಮ್ಮ ದೇಹ ದಿನವೂ ಲೆಕ್ಕವಿಲ್ಲದಷ್ಟು ರೋಗಾಣುಗಳನ್ನು ಎದುರಿಸುತ್ತದೆ. ಅವುಗಳಲ್ಲಿ ಎಷ್ಟನ್ನೋ ಅದು ಹಿಂದೆ ಕಂಡೇ ಇರುವುದಿಲ್ಲ. ಆದರೂ ಬದುಕಿರುತ್ತದೆ. ಹಾಗಾದರೆ ಕಂಪ್ಯೂಟರ್‌ಗೆ ಅದು ಯಾಕೆ ಆಗುವುದಿಲ್ಲ? ಅವರ ಹೆಸರು ಸ್ಟೆಫನಿ ಫಾರೆಸ್ಟ್. ಈ ಒಂದು ಪ್ರಶ್ನೆಯನ್ನು ಬೆನ್ನುಹತ್ತಿ ಅವರು ಮೂರು ದಶಕಗಳ ಸಂಶೋಧನೆ ನಡೆಸಿದರು. ಅದರಲ್ಲಿ ಹುಟ್ಟಿದ ಯೋಚನೆಗಳಿಗೆ ಸಂಬಂಧಿಸಿದ ತಂತ್ರಗಳು ಇಂದು ನಿಮ್ಮ ಕೈಯಲ್ಲಿರುವ ಫೋನಿನೊಳಗೂ ಇವೆ.

ಚುಟುಕಾಗಿ ಹೇಳುವುದಾದರೆ

• ಕಂಪ್ಯೂಟರ್ ವೈರಸ್ ಜೀವಿಯಲ್ಲ. ಅದು ಮನುಷ್ಯರು ಬರೆದ ಪ್ರೋಗ್ರಾಂ. ತಾನಾಗಿ ಹುಟ್ಟುವುದಿಲ್ಲ, ಗಾಳಿಯಲ್ಲಿ ಬರುವುದಿಲ್ಲ.
• ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಹಿಡಿಯುವ ಆ್ಯಂಟಿವೈರಸ್ ಇಲ್ಲ, ಇರಲೂ ಸಾಧ್ಯವಿಲ್ಲ.
• ದೇಹದ ರೋಗನಿರೋಧಕ ವ್ಯವಸ್ಥೆಯಿಂದ ಸೈಬರ್ ಭದ್ರತೆ ಕಲಿತ ಮುಖ್ಯ ಪಾಠಗಳು ಮೂರು: ನಿಮ್ಮ ಸಹಜ ಸ್ಥಿತಿ ಯಾವುದೆಂದು ತಿಳಿದಿರಿ, ಎಲ್ಲರೂ ಒಂದೇ ಅಚ್ಚಿನಲ್ಲಿರಬೇಡಿ, ಅನುಮಾನ ಬಂದಾಗ ನಿಧಾನಿಸಿ.
• ಮೂರನೆಯ ಪಾಠ ಫಾರ್ವರ್ಡ್ ಮಾಡುವವರಿಗೆ ನೇರವಾಗಿ ಸಂಬಂಧಿಸಿದ್ದು.

‘ವೈರಸ್’ ಎಂಬ ಹೆಸರು ಯಾಕೆ ಬಂತು?

1983ರಲ್ಲಿ ಫ್ರೆಡ್ ಕೋಹೆನ್ ಎಂಬವರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ. ಬೇರೆ ಪ್ರೋಗ್ರಾಂಗಳೊಳಗೆ ಸೇರಿಕೊಂಡು ತನ್ನ ಪ್ರತಿಗಳನ್ನು ಮಾಡಿಕೊಳ್ಳುವ ಪ್ರೋಗ್ರಾಂ ಒಂದನ್ನು ಬರೆದು, ಅದು ಹೇಗೆ ಹರಡುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. ಅದನ್ನು ‘ವೈರಸ್’ ಎಂದು ಕರೆಯಬಹುದು ಎಂದವರು ಅವರ ಪ್ರಾಧ್ಯಾಪಕ ಲಿಯೊನಾರ್ಡ್ ಆ್ಯಡಲ್‌ಮನ್. ಇಂಟರ್‌ನೆಟ್ ವ್ಯವಹಾರಗಳ ಗುಟ್ಟು ಕಾಯುವ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದಲ್ಲಿನ ‘ಎ’ ಅಕ್ಷರ ಇವರ ಹೆಸರಿನದ್ದೇ.

ಹೋಲಿಕೆ ಸರಿಯಾಗಿಯೇ ಇತ್ತು. ನೆಗಡಿಯ ವೈರಸ್ ತಾನಾಗಿ ಬೆಳೆಯಲಾರದು. ನಮ್ಮ ಜೀವಕೋಶದೊಳಗೆ ಹೊಕ್ಕು, ಅದರ ಯಂತ್ರಾಂಗವನ್ನೇ ಬಳಸಿ ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಕಂಪ್ಯೂಟರ್ ವೈರಸ್ ಕೂಡ ಇನ್ನೊಂದು ಪ್ರೋಗ್ರಾಂನ ಬೆನ್ನೇರಿ ಅದನ್ನೇ ಮಾಡುತ್ತದೆ.

ಕೋಹೆನ್ ಇನ್ನೊಂದು ಸಂಗತಿಯನ್ನೂ ಸಾಬೀತು ಮಾಡಿದರು. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ವೈರಸ್ ಹೌದೋ ಅಲ್ಲವೋ ಎಂದು ಪ್ರತಿ ಸಲವೂ ಸರಿಯಾಗಿ ಹೇಳುವ ವಿಧಾನವನ್ನು ಯಾರೂ ರಚಿಸಲಾರರು. ಇದಕ್ಕೆ ಜಾಣ್ಮೆಯ ಕೊರತೆ ಕಾರಣವಲ್ಲ. ಗಣಿತವೇ ಹಾಕಿದ ಗೆರೆ ಅದು. ಆದ್ದರಿಂದ ಯಾವುದಾದರೂ ಆ್ಯಪ್ ನೂರಕ್ಕೆ ನೂರು ರಕ್ಷಣೆ ಕೊಡುತ್ತೇನೆ ಎಂದು ಜಾಹೀರಾತು ಮಾಡಿದರೆ ಅದನ್ನು ನಂಬಬೇಡಿ.

ಇದು ಪಟ್ಟಣದ ಪೊಲೀಸರ ಕಷ್ಟದಂಥದ್ದೇ. ಎಲ್ಲ ಕಳ್ಳರನ್ನೂ ಮೊದಲೇ ಗುರುತಿಸಿ ಹಿಡಿಯಲು ಆಗುವುದಿಲ್ಲ ಎಂದಾದರೆ ಊರು ಕಾಯುವುದು ಹೇಗೆ? ಫಾರೆಸ್ಟ್ ಅವರ ಕೆಲಸ ಶುರುವಾಗುವುದು ಇಲ್ಲಿಂದ.

ಕಳ್ಳರ ಪಟ್ಟಿಯೋ, ಮನೆಯವರ ಪರಿಚಯವೋ?

ಸ್ಟೆಫನಿ ಫಾರೆಸ್ಟ್ ಅವರ ಮೊದಲ ಪದವಿ ಕಂಪ್ಯೂಟರ್‌ನದ್ದಲ್ಲ. ಅವರು ಓದಿದ್ದು ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ಅಲ್ಲಿ ತತ್ತ್ವಶಾಸ್ತ್ರ, ಗಣಿತ, ವಿಜ್ಞಾನ, ಸಾಹಿತ್ಯದ ಮೂಲಗ್ರಂಥಗಳನ್ನು ಓದಿ ಚರ್ಚಿಸುವುದೇ ಪಾಠ. ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು, 1985ರಲ್ಲಿ ಪಿಎಚ್‌ಡಿ ಮುಗಿಸಿದರು. ಅಲ್ಲಿ ಅವರ ಮಾರ್ಗದರ್ಶಕ ಜಾನ್ ಹಾಲೆಂಡ್. ಜೀವವಿಕಾಸ ನಡೆಯುವ ರೀತಿಯನ್ನೇ ಅನುಕರಿಸಿ ಕಂಪ್ಯೂಟರ್‌ನಲ್ಲಿ ಉತ್ತರ ಹುಡುಕುವ ‘ಜೆನೆಟಿಕ್ ಅಲ್ಗಾರಿದಂ’ ವಿಧಾನವನ್ನು ಕಟ್ಟಿದವರು ಅವರು. ಬಳಿಕ ಫಾರೆಸ್ಟ್ ಲಾಸ್ ಅಲಮಾಸ್ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿ, 1990ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯ ಸೇರಿದರು. ಅಲನ್ ಪೆರೆಲ್ಸನ್ ಎಂಬ ವಿಜ್ಞಾನಿ ಇದ್ದುದೂ ಲಾಸ್ ಅಲಮಾಸ್‌ನಲ್ಲೇ. ರೋಗನಿರೋಧಕ ವ್ಯವಸ್ಥೆಯನ್ನು ಗಣಿತದ ಸಮೀಕರಣಗಳಲ್ಲಿ ಹಿಡಿಯುವುದು ಅವರ ಕೆಲಸ. ಇಬ್ಬರೂ ಜೊತೆಗೂಡಿದರು.

ಆಗಿನ ಆ್ಯಂಟಿವೈರಸ್ ಕೆಲಸ ಮಾಡುತ್ತಿದ್ದದ್ದು ಮುಖ್ಯವಾಗಿ ಪಟ್ಟಿಯ ಮೇಲೆ. ಸಿಕ್ಕಿಬಿದ್ದ ಪ್ರತಿ ವೈರಸ್‌ನ ಗುರುತನ್ನು ಬರೆದಿಡುವುದು, ಹೊಸ ಫೈಲ್ ಬಂದಾಗ ಪಟ್ಟಿಯೊಡನೆ ಹೋಲಿಸುವುದು. ಪೊಲೀಸ್ ಠಾಣೆಯಲ್ಲಿ ಹಳೇ ಕಳ್ಳರ ಫೋಟೊ ಅಂಟಿಸಿದ ಹಾಗೆ. ಹಳಬರನ್ನು ಹಿಡಿಯಲು ಇದು ಸಾಕು. ಮೊದಲ ಸಲ ಕಳ್ಳತನಕ್ಕಿಳಿದವನ ಫೋಟೊ ಅಲ್ಲಿ ಇರುವುದಿಲ್ಲವಲ್ಲ?

ಈಗ ಊರ ಮನೆಯ ನಾಯಿಯನ್ನು ನೋಡಿ. ಅದರ ಹತ್ತಿರ ಕಳ್ಳರ ಪಟ್ಟಿ ಇಲ್ಲ. ಅದಕ್ಕೆ ಗೊತ್ತಿರುವುದು ಮನೆಯವರು ಯಾರು ಎಂಬುದು ಮಾತ್ರ. ಪರಿಚಯವಿಲ್ಲದ ವಾಸನೆ ಬಂದರೆ ಬೊಗಳುತ್ತದೆ. ನಮ್ಮ ರೋಗನಿರೋಧಕ ವ್ಯವಸ್ಥೆಯೂ ಬಹುಮಟ್ಟಿಗೆ ಹೀಗೆಯೇ. ‘ತನ್ನದು’ ಯಾವುದು, ‘ಹೊರಗಿನದು’ ಯಾವುದು ಎಂದು ಬೇರ್ಪಡಿಸುವುದೇ ಅದರ ಶಕ್ತಿ.

ಥೈಮಸ್ ಗ್ರಂಥಿಯ ಪರೀಕ್ಷೆ

ದೇಹ ಇದನ್ನು ಕಲಿಯುವ ಕ್ರಮ ವಿಚಿತ್ರವಾಗಿದೆ. ನಮ್ಮ ಎದೆಮೂಳೆಯ ಹಿಂದೆ, ಹೃದಯಕ್ಕಿಂತ ಸ್ವಲ್ಪ ಮೇಲೆ ಥೈಮಸ್ ಎಂಬ ಗ್ರಂಥಿ ಇದೆ. ಟಿ-ಕೋಶಗಳೆಂಬ ಕಾವಲುಗಾರ ಕೋಶಗಳು ಅಲ್ಲಿ ತಯಾರಾಗುತ್ತವೆ. ಪ್ರತಿ ಕೋಶಕ್ಕೂ ಒಂದೊಂದು ಬಗೆಯ ಗುರುತು ಹಿಡಿಯುವ ಶಕ್ತಿ. ಅದು ಯಾವ ಬಗೆ ಎಂಬುದು ಲಾಟರಿ ಎತ್ತಿದ ಹಾಗೆ, ಗೊತ್ತುಗುರಿಯಿಲ್ಲದೆ ನಿರ್ಧಾರವಾಗುತ್ತದೆ. ಆಮೇಲೆ ಪರೀಕ್ಷೆ. ದೇಹದ ಸ್ವಂತ ವಸ್ತುಗಳನ್ನು ಈ ಕೋಶಗಳಿಗೆ ತೋರಿಸಲಾಗುತ್ತದೆ. ಯಾವ ಕೋಶ ಅವುಗಳ ಮೇಲೆ ಜೋರಾಗಿ ಎರಗುತ್ತದೋ ಅದು ಅಲ್ಲೇ ಸಾಯಬೇಕು. ತನ್ನವರ ಮೇಲೆ ಎರಗದ ಕೋಶಗಳಿಗೆ ಮಾತ್ರ ಹೊರಗೆ ಹೋಗಲು ಅನುಮತಿ. ಹೊರಗೆ ಹೋದ ಮೇಲೆ ಅಂಥ ಕೋಶ ಏನನ್ನಾದರೂ ಗುರುತಿಸಿದರೆ ಅದು ಬಹುಶಃ ಹೊರಗಿನದ್ದೇ ಎಂದರ್ಥ.

1994ರ ಪ್ರಬಂಧದಲ್ಲಿ ಫಾರೆಸ್ಟ್, ಪೆರೆಲ್ಸನ್ ಮತ್ತು ಸಹೋದ್ಯೋಗಿಗಳು ಇದನ್ನೇ ಕಂಪ್ಯೂಟರ್‌ಗೆ ತಂದರು. ಗೊತ್ತುಗುರಿಯಿಲ್ಲದೆ ಸಾವಿರಾರು ‘ಪತ್ತೆಗಾರ’ ಮಾದರಿಗಳನ್ನು ಹುಟ್ಟಿಸುವುದು. ಕಂಪ್ಯೂಟರಿನ ಸರಿಯಾದ ಫೈಲ್‌ಗಳಿಗೆ ಹೊಂದುವ ಪತ್ತೆಗಾರರನ್ನು ಬಿಸಾಡುವುದು. ಉಳಿದವರನ್ನು ಕಾವಲಿಗೆ ಬಿಡುವುದು. ಮುಂದೆ ಯಾವ ಪತ್ತೆಗಾರ ಹೊಂದಿದರೂ ಫೈಲ್ ಬದಲಾಗಿದೆ ಎಂದು ಅರ್ಥ. ಬದಲಾಯಿಸಿದ ವೈರಸ್‌ನ ಹೆಸರು ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಇದಕ್ಕೆ ‘ನೆಗೆಟಿವ್ ಸೆಲೆಕ್ಷನ್’ ಎಂಬ ಹೆಸರು ಬಂತು. ‘ಕೃತಕ ರೋಗನಿರೋಧಕ ವ್ಯವಸ್ಥೆ’ ಎಂಬ ಸಂಶೋಧನಾ ಕ್ಷೇತ್ರದ ಅಡಿಪಾಯಗಳಲ್ಲಿ ಇದೂ ಒಂದು.

ಪ್ರೋಗ್ರಾಂಗೂ ಒಂದು ನಡಿಗೆ ಇದೆ

ಎರಡು ವರ್ಷದ ನಂತರ, 1996ರಲ್ಲಿ ಫಾರೆಸ್ಟ್ ತಮ್ಮ ವಿದ್ಯಾರ್ಥಿಗಳಾದ ಸ್ಟೀವನ್ ಹಾಫ್‌ಮೇಯರ್, ಅನಿಲ್ ಸೋಮಯಾಜಿ ಮತ್ತು ಸಹಸಂಶೋಧಕ ಥಾಮಸ್ ಲಾಂಗ್‌ಸ್ಟಾಫ್ ಜೊತೆ ಇನ್ನೊಂದು ಹೆಜ್ಜೆ ಇಟ್ಟರು. ಈ ಸಲ ಫೈಲ್ ಬದಲು ನಡವಳಿಕೆಯನ್ನು ನೋಡಿದರು.

ನಿಮ್ಮ ಮನೆಯವರು ಕತ್ತಲಲ್ಲಿ ನಡೆದು ಬಂದರೂ ಹೆಜ್ಜೆಯ ಸದ್ದಿನಲ್ಲೇ ಯಾರೆಂದು ಹೇಳುತ್ತೀರಿ ಅಲ್ಲವೇ? ಪ್ರೋಗ್ರಾಂಗೂ ಹಾಗೆ ಒಂದು ನಡಿಗೆ ಇದೆ. ಯಾವುದೇ ಪ್ರೋಗ್ರಾಂ ಕೆಲಸ ಮಾಡುವಾಗ ಪದೇ ಪದೇ ಆಪರೇಟಿಂಗ್ ಸಿಸ್ಟಮ್ ಹತ್ತಿರ ಅನುಮತಿ ಕೇಳುತ್ತದೆ. ಈ ಫೈಲ್ ತೆರೆ, ಇದನ್ನು ಓದು, ಇಲ್ಲಿ ಬರೆ, ನೆಟ್‌ವರ್ಕ್‌ಗೆ ಕಳಿಸು. ಇವಕ್ಕೆ ‘ಸಿಸ್ಟಮ್ ಕಾಲ್’ ಎನ್ನುತ್ತಾರೆ. ಇಮೇಲ್ ಕಳಿಸುವ ಪ್ರೋಗ್ರಾಂ ಸಹಜವಾಗಿ ಓಡುವಾಗ ಈ ಕರೆಗಳನ್ನು ಸಣ್ಣ ಸಣ್ಣ ಸರಣಿಗಳಾಗಿ ಕತ್ತರಿಸಿ ನೋಡಿದರೆ, ಅವೇ ಸರಣಿಗಳು ಮತ್ತೆ ಮತ್ತೆ ಬರುತ್ತಿದ್ದವು. ದಾಳಿಗೆ ಸಿಕ್ಕಾಗ ಹಿಂದೆಂದೂ ಕಾಣದ ಸರಣಿಗಳು ಒಮ್ಮೆಲೇ ತೋರಿಬಂದವು. ಹೆಜ್ಜೆ ಸದ್ದು ಬದಲಾಗಿತ್ತು. ಪ್ರಬಂಧದ ಶೀರ್ಷಿಕೆಯ ಅರ್ಥ ‘ಯುನಿಕ್ಸ್ ಪ್ರೋಗ್ರಾಂಗಳಿಗೊಂದು ಸ್ವಂತಿಕೆಯ ಅರಿವು’ ಎಂದು.

ಇವತ್ತು ಕಂಪನಿಗಳ ಕಂಪ್ಯೂಟರ್ ಕಾಯುವ ಸಾಫ್ಟ್‌ವೇರ್‌ಗಳು ಪಟ್ಟಿಯ ಜೊತೆಗೆ ನಡವಳಿಕೆಯನ್ನೂ ಗಮನಿಸುತ್ತವೆ. ನಿಮ್ಮ ಕಾರ್ಡ್ ಎಂದೂ ಬಳಸದ ಊರಿನಲ್ಲಿ ಮಧ್ಯರಾತ್ರಿ ಬಳಕೆಯಾದರೆ ಬ್ಯಾಂಕ್ ಎಚ್ಚರಿಸುವುದರ ಹಿಂದೆಯೂ ಇದೇ ಬಗೆಯ ತರ್ಕ ಇದೆ. ಸಹಜ ಯಾವುದು ಎಂದು ಮೊದಲು ಕಲಿತುಕೊಳ್ಳುವುದು, ಅದರಿಂದ ದೂರ ಸರಿದದ್ದನ್ನು ಗಮನಿಸುವುದು.

ಪೋಸ್ಟ್‌ಮ್ಯಾನ್‌ಗೂ ಬೊಗಳಿದರೆ?

ಆದರೆ ನಾಯಿ ಹೊಸ ಪೋಸ್ಟ್‌ಮ್ಯಾನ್‌ಗೂ ಬೊಗಳುತ್ತದೆ, ಊರಿಂದ ಬಂದ ನೆಂಟರಿಗೂ ಬೊಗಳುತ್ತದೆ. ದೇಹದಲ್ಲೂ ಈ ತಪ್ಪು ಆಗುತ್ತದೆ. ರೋಗನಿರೋಧಕ ವ್ಯವಸ್ಥೆ ತನ್ನವರನ್ನೇ ಶತ್ರು ಎಂದುಕೊಂಡರೆ ರುಮಟಾಯ್ಡ್ ಸಂಧಿವಾತ, ಟೈಪ್ 1 ಮಧುಮೇಹದಂಥ ಕಾಯಿಲೆ ಬರುತ್ತದೆ. ‘ಇಮ್ಯುನಿಟಿ ಹೆಚ್ಚಿದಷ್ಟೂ ಒಳ್ಳೆಯದು’ ಎಂಬ ಫಾರ್ವರ್ಡ್‌ಗಳು ಈ ಮಾತನ್ನು ಹೇಳುವುದಿಲ್ಲ.

ಕಂಪ್ಯೂಟರ್‌ನಲ್ಲಿ ಇದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ಒಂದು ಸಂಸ್ಥೆಯ ನೆಟ್‌ವರ್ಕ್‌ನಲ್ಲಿ ದಿನಕ್ಕೆ 10 ಲಕ್ಷ ಚಟುವಟಿಕೆಗಳು ನಡೆಯುತ್ತವೆ, ಅದರಲ್ಲಿ 10 ಮಾತ್ರ ದಾಳಿ ಎಂದುಕೊಳ್ಳಿ. ಕಾವಲು ಸಾಫ್ಟ್‌ವೇರ್ ಬಹಳ ಚೆನ್ನಾಗಿದೆ, ಸಾವಿರಕ್ಕೆ ಒಂದು ಸಲ ಮಾತ್ರ ಸುಳ್ಳು ಎಚ್ಚರಿಕೆ ಕೊಡುತ್ತದೆ. ಆಗಲೂ ದಿನಕ್ಕೆ ಸುಮಾರು 1,000 ಸುಳ್ಳು ಎಚ್ಚರಿಕೆ! ನಿಜವಾದ ಆ 10 ಅದರ ನಡುವೆ ಮುಳುಗಿಹೋಗುತ್ತವೆ. ನಾಲ್ಕು ದಿನ ನೋಡಿದ ಸಿಬ್ಬಂದಿ ಐದನೇ ದಿನ ಎಚ್ಚರಿಕೆಯನ್ನೇ ನೋಡುವುದು ಬಿಡುತ್ತಾರೆ.

ನಮ್ಮ ಗ್ರೂಪುಗಳ ಕಥೆಯೂ ಇದೇ. ದಿನಕ್ಕೆ ಹತ್ತು ಸುಳ್ಳು ‘ಎಚ್ಚರಿಕೆ! ಎಚ್ಚರಿಕೆ!’ ಫಾರ್ವರ್ಡ್ ಬಂದರೆ, ನಿಜವಾದ ಹನ್ನೊಂದನೆಯದನ್ನು ಯಾರೂ ಓದುವುದಿಲ್ಲ. ‘ಸುಳ್ಳಾಗಿದ್ದರೂ ತೊಂದರೆ ಇಲ್ಲ, ಎಚ್ಚರ ಇರಲಿ ಅಂತ ಕಳಿಸಿದೆ’ ಎನ್ನುವವರು ಗಮನಿಸಬೇಕಾದದ್ದು ಇದು. ಸುಳ್ಳು ಎಚ್ಚರಿಕೆ ಜನರನ್ನು ಎಚ್ಚರಿಸುವುದಿಲ್ಲ, ಮಂಕು ಮಾಡುತ್ತದೆ.

ಇನ್ನೊಂದು ತೊಂದರೆಯೂ ಇತ್ತು. 2002ರಲ್ಲಿ ಡೇವಿಡ್ ವ್ಯಾಗ್ನರ್ ಮತ್ತು ಪಾವ್ಲೊ ಸೊಟೊ ಎಂಬ ಸಂಶೋಧಕರು, ಸಿಸ್ಟಮ್ ಕಾಲ್ ಕಾವಲನ್ನು ದಾಟಲು ದಾಳಿಕೋರರು ಸಹಜ ನಡಿಗೆಯನ್ನೇ ಅನುಕರಿಸಬಹುದು ಎಂದು ತೋರಿಸಿದರು. ಮನೆಯವರ ಹೆಜ್ಜೆ ಸದ್ದನ್ನೇ ಕಲಿತು ಬಂದ ಕಳ್ಳನ ಹಾಗೆ. ಜೀವಿಗಳಲ್ಲೂ ರೋಗಾಣುಗಳು ದೇಹದ ಕಣ್ಣಿಗೆ ಮಣ್ಣೆರಚಲು ವೇಷ ಹಾಕುತ್ತವೆ. ಹಾಗಾಗಿ ಒಂದೇ ಕಾವಲು ಸಾಲದು.

ಎಲ್ಲ ಗಿಡವೂ ಒಂದೇ ತಳಿಯಾದರೆ

ನಂಜನಗೂಡು ರಸಬಾಳೆಯ ಕಥೆ ನಿಮಗೆ ಗೊತ್ತಿರಬಹುದು. ಬಾಳೆಯನ್ನು ಬೀಜದಿಂದಲ್ಲ, ಕಂದಿನಿಂದ ಬೆಳೆಸುತ್ತಾರೆ. ಆದ್ದರಿಂದ ಒಂದು ತೋಟದ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಗಿಡದ ನಕಲುಗಳು. ಪನಾಮ ಸೊರಗು ರೋಗ ಒಂದಕ್ಕೆ ತಗುಲಿದರೆ ಉಳಿದವಕ್ಕೂ ತಡೆಯುವ ಶಕ್ತಿ ಇರುವುದಿಲ್ಲ. ರಸಬಾಳೆ ತೋಟಗಳು ಕುಗ್ಗಿದ್ದಕ್ಕೆ ಈ ರೋಗ ಒಂದು ದೊಡ್ಡ ಕಾರಣ.

ಕಂಪ್ಯೂಟರ್‌ಗಳೂ ಹೀಗೆಯೇ. ಒಂದೇ ಸಾಫ್ಟ್‌ವೇರ್‌ನ ಕೋಟ್ಯಂತರ ನಕಲುಗಳು. ಒಂದರಲ್ಲಿ ಕನ್ನ ಕೊರೆಯುವುದನ್ನು ಕಲಿತರೆ ಎಲ್ಲದರಲ್ಲೂ ಕೊರೆಯಬಹುದು. 1988ರ ನವೆಂಬರ್‌ನಲ್ಲಿ ‘ಮಾರಿಸ್ ವರ್ಮ್’ ಎಂಬ ಪ್ರೋಗ್ರಾಂ ಇಂಟರ್‌ನೆಟ್‌ಗೆ ಬಿತ್ತು. ಆಗ ಇಂಟರ್‌ನೆಟ್‌ನಲ್ಲಿದ್ದದ್ದು ಸುಮಾರು 60,000 ಕಂಪ್ಯೂಟರ್. ಅಂದಾಜಿನ ಪ್ರಕಾರ ಅವುಗಳಲ್ಲಿ 6,000 ಸೋಂಕಿಗೆ ಸಿಕ್ಕವು. ಸಿಕ್ಕಿದ್ದು ವ್ಯಾಕ್ಸ್ ಮತ್ತು ಸನ್-3 ಎಂಬ ಎರಡು ಬಗೆಯ ಯಂತ್ರಗಳು ಮಾತ್ರ. ಬೇರೆ ಬಗೆಯವು ಉಳಿದುಕೊಂಡವು. ಅವನ್ನು ಯಾರೂ ವಿಶೇಷವಾಗಿ ಕಾಯುತ್ತಿರಲಿಲ್ಲ, ಅವು ಬೇರೆಯಾಗಿದ್ದವು ಅಷ್ಟೇ.

1997ರಲ್ಲಿ ಫಾರೆಸ್ಟ್, ಸೋಮಯಾಜಿ ಮತ್ತು ಡೇವಿಡ್ ಆಕ್ಲೆ ಇದಕ್ಕೊಂದು ಮದ್ದು ಸೂಚಿಸಿದರು. ಬಳಸುವವರಿಗೆ ವ್ಯತ್ಯಾಸ ಗೊತ್ತಾಗಬಾರದು, ಒಳಗೆ ಮಾತ್ರ ಪ್ರತಿ ಕಂಪ್ಯೂಟರ್ ಬೇರೆ ಬೇರೆ ಇರಬೇಕು. ಉದಾಹರಣೆಗೆ, ಪ್ರೋಗ್ರಾಂ ತನ್ನ ಮಾಹಿತಿಯನ್ನು ಮೆಮೊರಿಯಲ್ಲಿ ಇಡುವ ಜಾಗವನ್ನು ಅದಲುಬದಲು ಮಾಡುವುದು. ಎಲ್ಲ ಮನೆಯಲ್ಲೂ ಬೀರು ಒಂದೇ ಮೂಲೆಯಲ್ಲಿದ್ದರೆ ಕಳ್ಳ ಕತ್ತಲಲ್ಲೂ ನೇರ ಅಲ್ಲಿಗೇ ಹೋಗುತ್ತಾನೆ. ಪ್ರತಿ ಮನೆಯಲ್ಲೂ ಬೇರೆ ಕಡೆ ಇದ್ದರೆ ತಡಕಾಡಬೇಕು, ಸದ್ದು ಮಾಡಬೇಕು, ಸಿಕ್ಕಿಬೀಳಬೇಕು.

ಇದೇ ದಿಕ್ಕಿನ ತಂತ್ರವೊಂದನ್ನು 2001ರಲ್ಲಿ ಪ್ಯಾಕ್ಸ್ ಎಂಬ ಯೋಜನೆ ಲಿನಕ್ಸ್‌ಗೆ ತಂದಿತು. ಅದಕ್ಕೆ ಎಎಸ್‌ಎಲ್‌ಆರ್ ಎಂದು ಹೆಸರು. 2011ರಲ್ಲಿ ಅದು ಐಫೋನ್‌ಗೂ ಆಂಡ್ರಾಯ್ಡ್‌ಗೂ ಬಂತು. ಈ ಲೇಖನ ಓದುತ್ತಿರುವ ನಿಮ್ಮ ಫೋನಿನಲ್ಲೂ ಅದು ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ಅದಕ್ಕಾಗಿ ನೀವು ಯಾವ ಆ್ಯಪ್ ಕೂಡ ಹಾಕಿಕೊಂಡಿಲ್ಲ.

ಕೊಲ್ಲುವುದಲ್ಲ, ನಿಧಾನಿಸುವುದು

ಎಚ್ಚರಿಕೆ ಸುಳ್ಳೂ ಇರಬಹುದು, ನಿಜವೂ ಇರಬಹುದು. ಆಗ ಏನು ಮಾಡಬೇಕು? ಅನುಮಾನ ಬಂದ ಪ್ರೋಗ್ರಾಂ ಅನ್ನು ಕೊಂದರೆ ತಪ್ಪಾಗಬಹುದು, ಬಿಟ್ಟರೂ ತಪ್ಪಾಗಬಹುದು.

2000ದಲ್ಲಿ ಸೋಮಯಾಜಿ ಮತ್ತು ಫಾರೆಸ್ಟ್ ಮೂರನೆಯ ದಾರಿ ತೋರಿಸಿದರು. ಪ್ರೋಗ್ರಾಂನ ನಡಿಗೆ ಸ್ವಲ್ಪ ವಿಚಿತ್ರ ಕಂಡರೆ ಅದನ್ನು ಸ್ವಲ್ಪ ತಡಮಾಡುವುದು. ವಿಚಿತ್ರ ಹೆಚ್ಚಿದಂತೆ ತಡವೂ ದುಪ್ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ಹೆಚ್ಚುತ್ತಾ ಹೋಗುವುದು. ಸುಳ್ಳು ಎಚ್ಚರಿಕೆಯಾಗಿದ್ದರೆ ಕ್ಷಣಮಾತ್ರದ ತಡ, ಯಾರಿಗೂ ಗೊತ್ತಾಗುವುದಿಲ್ಲ. ನಿಜವಾದ ದಾಳಿಯಾದರೆ ಅದು ತೆವಳುತ್ತಾ ತೆವಳುತ್ತಾ ನಿಂತೇಹೋಗುತ್ತದೆ. ಬಿಸಿಲಿಗೆ ಬೆವರಿ, ಚಳಿಗೆ ನಡುಗಿ ದೇಹ ತನ್ನ ಉಷ್ಣತೆಯನ್ನು ಸಮತೋಲದಲ್ಲಿ ಇಟ್ಟುಕೊಳ್ಳುವ ಹಾಗೆ, ಕಂಪ್ಯೂಟರ್ ಕೂಡ ಸಣ್ಣ ಸಣ್ಣ ಹೊಂದಾಣಿಕೆ ಮಾಡಿಕೊಳ್ಳಬೇಕು ಎಂಬುದು ಅವರ ಯೋಚನೆ.

2004ರಲ್ಲಿ ಫಾರೆಸ್ಟ್ ಮತ್ತು ಮೂವರು ಸಹಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಇಡೀ ನೆಟ್‌ವರ್ಕ್‌ಗೆ ಅನ್ವಯಿಸಿ ಬರೆದರು. ಹೆಚ್ಚು ಸಂಪರ್ಕವಿರುವ ಕಂಪ್ಯೂಟರ್‌ಗಳಿಗೆ ಮಾತ್ರ ‘ಲಸಿಕೆ’ ಹಾಕುವುದು ಎಲ್ಲ ನೆಟ್‌ವರ್ಕ್‌ನಲ್ಲೂ ಕೆಲಸ ಮಾಡುವುದಿಲ್ಲ. ಅದಕ್ಕಿಂತ ಒಂದು ಕಂಪ್ಯೂಟರ್ ಹೊಸ ಹೊಸ ಕಂಪ್ಯೂಟರ್‌ಗಳನ್ನು ಸಂಪರ್ಕಿಸುವ ವೇಗಕ್ಕೇ ಕಡಿವಾಣ ಹಾಕುವುದು ಉಪಯುಕ್ತ ಎಂಬುದು ಅವರ ವಾದ. ಮಾಮೂಲಿ ಬಳಕೆದಾರರಿಗೆ ಅದು ತಿಳಿಯುವುದೂ ಇಲ್ಲ. ಸೆಕೆಂಡಿಗೆ ನೂರಾರು ಕಡೆ ಹಾರಬೇಕಾದ ವರ್ಮ್‌ಗೆ ಮಾತ್ರ ಕಾಲು ಕಟ್ಟಿದಂತಾಗುತ್ತದೆ.

ಈ ಮಾತು ನಮ್ಮ ನಾಡಿನಲ್ಲಿ ಜೀವದ ಪ್ರಶ್ನೆಯೇ ಆಯಿತು. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಫಾರ್ವರ್ಡ್‌ಗಳು ದೇಶದ ಹಲವೆಡೆ ಹಬ್ಬಿ, ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಇಂಥ ವದಂತಿಗೆ ಬಲಿಯಾದ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಹೇಳಿತು. 2019ರ ಜನವರಿಯಲ್ಲಿ ಅದು ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ವದಂತಿಗಳ ನಡುವೆ, ಬಹಳ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು ಎಂದಾಯಿತು. ಅಂಥ ಮೆಸೇಜ್‌ಗಳ ಹರಡುವಿಕೆ ಶೇಕಡಾ 70ರಷ್ಟು ಇಳಿಯಿತು ಎಂದು ಕಂಪನಿ ಹೇಳಿಕೊಂಡಿತು.

ವಾಟ್ಸ್‌ಆ್ಯಪ್ ಯಾರ ಮೆಸೇಜನ್ನೂ ಓದಿ, ನಿಜವೋ ಸುಳ್ಳೋ ಎಂದು ತೀರ್ಮಾನಿಸಿ ತಡೆಯಲಿಲ್ಲ. ವೇಗ ಕಡಿಮೆ ಮಾಡಿತು, ಅಷ್ಟೇ. ತತ್ತ್ವ ಮಾತ್ರ ಅದೇ: ಸೋಂಕಿನ ಶಕ್ತಿ ಇರುವುದು ಅದರ ವೇಗದಲ್ಲಿ.

ತನ್ನ ಗಾಯ ತಾನೇ ವಾಸಿಮಾಡಿಕೊಳ್ಳುವ ಸಾಫ್ಟ್‌ವೇರ್

ಕೈ ಕೊಯ್ದರೆ ಗಾಯ ತಾನಾಗಿ ಮಾಯುತ್ತದೆ. ಸಾಫ್ಟ್‌ವೇರ್? 2009ರಲ್ಲಿ ಫಾರೆಸ್ಟ್ ಮತ್ತು ವೆಸ್ಲಿ ವೈಮರ್ ಅವರ ತಂಡ ‘ಜೆನ್‌ಪ್ರೋಗ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ದೋಷವಿರುವ ಪ್ರೋಗ್ರಾಂಗೆ ಸಣ್ಣ ಸಣ್ಣ ‘ಮ್ಯುಟೇಷನ್’ ಮಾಡಿ ನೂರಾರು ರೂಪಗಳನ್ನು ಹುಟ್ಟಿಸುವುದು, ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದವನ್ನು ಉಳಿಸಿಕೊಂಡು ಮತ್ತೆ ಬೆರೆಸುವುದು, ದೋಷ ಹೋಗುವವರೆಗೂ ಹೀಗೆ ಮುಂದುವರಿಸುವುದು. ಜಾನ್ ಹಾಲೆಂಡ್ ಹತ್ತಿರ ಕಲಿತ ಜೀವವಿಕಾಸದ ಪಾಠ ಇಲ್ಲಿ ಮತ್ತೆ ಬಂತು. 2012ರಲ್ಲಿ, 105 ದೋಷಗಳಲ್ಲಿ 55ನ್ನು ತಲಾ ಸುಮಾರು 8 ಡಾಲರ್ ಖರ್ಚಿನಲ್ಲಿ ಸರಿಪಡಿಸಿದೆ ಎಂದು ತಂಡ ವರದಿ ಮಾಡಿತು.

2015ರಲ್ಲಿ ಬೇರೊಂದು ತಂಡ ಆ ರಿಪೇರಿಗಳನ್ನು ಕೂಲಂಕಷವಾಗಿ ನೋಡಿತು. ಬಹುಪಾಲು ರಿಪೇರಿಗಳು ಪರೀಕ್ಷೆ ಪಾಸಾಗಿದ್ದವು ನಿಜ, ಆದರೆ ದೋಷವನ್ನು ಸರಿಯಾಗಿ ತಿದ್ದಿರಲಿಲ್ಲ. ಎಷ್ಟೋ ಕಡೆ ತೊಂದರೆ ಕೊಡುವ ಭಾಗವನ್ನೇ ಕಿತ್ತುಹಾಕಿದ್ದಕ್ಕೆ ಸಮನಾಗಿತ್ತು. ಹಲ್ಲುನೋವಿಗೆ ಹಲ್ಲನ್ನೇ ಕಿತ್ತ ಹಾಗೆ. ಹಾಗೆಂದು ಕ್ಷೇತ್ರ ಮುಚ್ಚಲಿಲ್ಲ. ಪರೀಕ್ಷೆ ಪಾಸಾಗುವುದಕ್ಕೂ ನಿಜವಾಗಿ ಸರಿಯಾಗುವುದಕ್ಕೂ ಇರುವ ಅಂತರವೇ ಮುಂದಿನ ಸಂಶೋಧನೆಯ ವಸ್ತುವಾಯಿತು. 2009ರ ಆ ಪ್ರಬಂಧಕ್ಕೆ ಹತ್ತು ವರ್ಷದ ನಂತರ ಅತ್ಯಂತ ಪ್ರಭಾವಿ ಪ್ರಬಂಧ ಎಂಬ ಮನ್ನಣೆಯೂ ಸಿಕ್ಕಿತು. ವಿಜ್ಞಾನ ನಡೆಯುವುದು ಹೀಗೆ. ‘ವಿಜ್ಞಾನಿಗಳೇ ಒಪ್ಪಿದ್ದಾರೆ’ ಎಂಬ ಒಂದೇ ಸಾಲಿನ ಫಾರ್ವರ್ಡ್‌ನಲ್ಲಿ ಈ ತಿದ್ದುಪಡಿಯ ಭಾಗ ಕಾಣುವುದೇ ಇಲ್ಲ.

ಪಿಸಿಎಂಬಿಯೋ, ಪಿಸಿಎಂಸಿಯೋ?

ಪಿಯುಸಿ ಸೇರುವಾಗ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಬಯಾಲಜಿ ಬೇಕೋ, ಕಂಪ್ಯೂಟರ್ ಸೈನ್ಸ್ ಬೇಕೋ? ಒಂದು ತೆಗೆದುಕೊಂಡರೆ ಇನ್ನೊಂದರ ಬಾಗಿಲು ಮುಚ್ಚಿತು ಎಂದೇ ಹಲವು ಮನೆಗಳಲ್ಲಿ ನಂಬಿಕೆ. ಫಾರೆಸ್ಟ್ ಅವರ ವೃತ್ತಿಜೀವನ ನಿಂತಿರುವುದೇ ಆ ಎರಡರ ನಡುವೆ. 2011ರಲ್ಲಿ ಅವರಿಗೆ ಅಲೆನ್ ನ್ಯೂವೆಲ್ ಪ್ರಶಸ್ತಿ ಬಂತು. ಕಂಪ್ಯೂಟರ್ ವಿಜ್ಞಾನವನ್ನು ಬೇರೆ ಶಾಸ್ತ್ರಗಳೊಡನೆ ಬೆಸೆದವರನ್ನೂ ಗುರುತಿಸುವ ಪ್ರಶಸ್ತಿ ಅದು. 2017ರಲ್ಲಿ ಅವರು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಜೈವಿಕ ಗಣನೆ, ಭದ್ರತೆ ಮತ್ತು ಸಮಾಜ ಮೂರನ್ನೂ ಸೇರಿಸಿದ ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದರು. ಅವರ ವಿದ್ಯಾರ್ಥಿ ಹಾಫ್‌ಮೇಯರ್ ಭದ್ರತಾ ಕಂಪನಿ ಕಟ್ಟಿದರು, ಸೋಮಯಾಜಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

‘ಮೂರು ತಿಂಗಳಲ್ಲಿ ಹ್ಯಾಕರ್ ಆಗಿ, ಲಕ್ಷ ಸಂಬಳ’ ಎಂಬ ಕೋರ್ಸ್ ಜಾಹೀರಾತುಗಳಿಗೂ ಈ ದಾರಿಗೂ ಸಂಬಂಧವಿಲ್ಲ. ಇಲ್ಲಿ ಬೇಕಾದದ್ದು ಪ್ರೋಗ್ರಾಮಿಂಗ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಸಂಭವನೀಯತೆಯ ಗಣಿತ. ಜೊತೆಗೆ ಇನ್ನೊಂದು ಶಾಸ್ತ್ರದವರ ಮಾತನ್ನು ತಾಳ್ಮೆಯಿಂದ ಕೇಳುವ ಅಭ್ಯಾಸ. ನಿಮ್ಮ ಮನೆಯ ಮಗು ಬಯಾಲಜಿ ಇಷ್ಟ, ಕಂಪ್ಯೂಟರ್ ಕೂಡ ಇಷ್ಟ ಎಂದರೆ, ಎರಡರಲ್ಲಿ ಒಂದನ್ನು ಮರೆತುಬಿಡು ಎನ್ನಬೇಡಿ.

ಹಾಗಾದರೆ ನಮ್ಮ ಫೋನ್‌ಗೆ ಏನು ಮಾಡಬೇಕು?

ಈಗ ನಡೆಯುತ್ತಿರುವ ಮೋಸಗಳಲ್ಲಿ ಸಾಮಾನ್ಯವಾದ ಒಂದನ್ನು ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ಗೆ ‘ಮದುವೆ ಕರೆಯೋಲೆ’ ಅಥವಾ ‘ಟ್ರಾಫಿಕ್ ಚಲನ್’ ಎಂಬ ಹೆಸರಿನ ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿರುತ್ತದೆ. ಅದು ಕರೆಯೋಲೆಯಲ್ಲ, ಆ್ಯಪ್. ಹಾಕಿಕೊಂಡು, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ನಿಮ್ಮ ಎಸ್‌ಎಂಎಸ್ ಓದಿ ಒಟಿಪಿಯನ್ನು ಕಳ್ಳರಿಗೆ ಕಳಿಸಬಲ್ಲದು. ಫೋನಿನೊಳಗಿನ ಕಾವಲು ಎಷ್ಟೇ ಚೆನ್ನಾಗಿದ್ದರೂ, ‘ಅಪಾಯ ಇರಬಹುದು’ ಎಂಬ ಎಚ್ಚರಿಕೆಯನ್ನು ಬದಿಗೆ ಸರಿಸಿ ಬಾಗಿಲು ತೆರೆಯುವವರು ನಾವೇ.

1. ಸಹಜ ಯಾವುದೆಂದು ತಿಳಿದಿರಿ. ಮೋಸಗಳ ಪಟ್ಟಿ ನೆನಪಿಡುವುದು ಕಷ್ಟ, ದಿನಕ್ಕೊಂದು ಹೊಸದು ಬರುತ್ತದೆ. ಸಹಜವನ್ನು ನೆನಪಿಡುವುದು ಸುಲಭ. ಮದುವೆ ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಬ್ಯಾಂಕ್ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ. ಪೊಲೀಸರು ವಿಡಿಯೊ ಕಾಲ್‌ನಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುವುದಿಲ್ಲ, ಅಂಥದ್ದೊಂದು ಕಾನೂನಿನಲ್ಲೇ ಇಲ್ಲ. ಇದಕ್ಕೆ ಹೊಂದದ್ದು ಏನು ಬಂದರೂ ಅನುಮಾನಿಸಿ.

2. ಅಪ್‌ಡೇಟ್ ಹಾಕಿಕೊಳ್ಳಿ. ಫೋನ್ ಗಾಯ ಮಾಯಿಸಿಕೊಳ್ಳುವುದು ಅದರಿಂದಲೇ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡಬೇಡಿ, ಒಂದು ಹೋದರೆ ಎಲ್ಲ ಹೋಗುತ್ತದೆ.

3. ‘ನಿಮ್ಮ ಫೋನಿನಲ್ಲಿ 4 ವೈರಸ್ ಇವೆ’ ಎಂದು ವೆಬ್ ಪುಟವೊಂದು ಹೆದರಿಸಿದರೆ ಪುಟ ಮುಚ್ಚಿ. ವೆಬ್ ಪುಟಕ್ಕೆ ನಿಮ್ಮ ಫೋನ್ ಪರೀಕ್ಷಿಸಿ ವೈರಸ್ ಎಣಿಸಲು ಬರುವುದಿಲ್ಲ.

4. ನಿಧಾನಿಸಿ. ಮೋಸಗಾರರೆಲ್ಲ ಕೇಳುವುದು ಒಂದೇ: ಈಗಲೇ, ತಕ್ಷಣ, ಯಾರಿಗೂ ಹೇಳದೆ. ಹತ್ತು ನಿಮಿಷ ತಡಮಾಡಿ, ಮನೆಯವರೊಬ್ಬರಿಗೆ ಹೇಳಿ. ಎಷ್ಟೋ ಮೋಸಗಳು ಆ ಹತ್ತು ನಿಮಿಷವನ್ನು ದಾಟುವುದಿಲ್ಲ.

5. ಹಣ ಹೋಗಿದ್ದರೆ ಮಾತ್ರ ಒಂದು ನಿಮಿಷವೂ ತಡಮಾಡಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕ್‌ಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೊನೆಗೆ

‘ಫೋನ್‌ಗೂ ಇಮ್ಯುನಿಟಿ ಇದೆಯೇ?’ ಎಂಬ ಪ್ರಶ್ನೆಗೆ ಉತ್ತರ: ಸ್ವಲ್ಪ ಇದೆ, ಪೂರ್ತಿ ಇಲ್ಲ. ದೇಹದ ಇಮ್ಯುನಿಟಿಯೂ ಪೂರ್ತಿ ಅಲ್ಲ, ನಮಗೂ ಜ್ವರ ಬರುತ್ತದೆ. ಸೋಂಕು ಒಳಗೆ ಬರುವುದೇ ಇಲ್ಲ ಎಂಬ ಭರವಸೆಯನ್ನು ದೇಹ ಕೊಡುವುದಿಲ್ಲ. ಬಂದರೆ ಗುರುತಿಸುವುದು, ತಡೆಯುವುದು, ಮಾಯಿಸಿಕೊಳ್ಳುವುದು ಅದರ ರೀತಿ.

‘ಎಲ್ಲರಿಗೂ ಫಾರ್ವರ್ಡ್ ಮಾಡಿ’ ಎಂದು ಮೆಸೇಜ್ ಕೇಳಿಕೊಂಡಾಗ ಒಂದು ಮಾತು ನೆನಪಿಸಿಕೊಳ್ಳಿ. ವೈರಸ್‌ಗೆ ಸ್ವಂತ ಕಾಲಿಲ್ಲ, ಅದು ಬೇರೆಯವರ ಬೆನ್ನೇರಿ ಹರಡುತ್ತದೆ. ಮಾರ್ಟಿನೆಲ್ಲಿ ವಿಡಿಯೊ ಯಾರ ಫೋನನ್ನೂ ಹಾಳು ಮಾಡಿಲ್ಲ. ಆ ಮೆಸೇಜ್ ಮಾತ್ರ ಇಷ್ಟು ವರ್ಷ ಬದುಕಿದೆ, ಅದನ್ನು ಹೊತ್ತು ತಿರುಗಿದವರು ನಾವು. ಮುಂದಿನ ಸಲ ಅದು ಬಂದಾಗ ನಿಮ್ಮ ಫೋನಿನಲ್ಲೇ ಅದರ ಪಯಣ ನಿಲ್ಲಲಿ.